ಗೋಲಿಗೆ ಹಿರಿಯನೇ ಬೇಕೆ?

ರಾಜಾಜಿನಗರದಿಂದಲೋ ವಿಜಯನಗರದಿಂದಲೋ ಹೊರಟು, ಮೈಸೂರು ರಸ್ತೆ ಹಿಡಿದು, ಕೆಂಗೇರಿಯ ಕಡೆಗೆ ನೀವು ಎಷ್ಟೋ ಬಾರಿ ಹೋಗಿರಬೇಕು. ನಾಯಂಡಹಳ್ಳಿ ದಾಟಿದ ಮೇಲೆ ಬಲಗಡೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಸಿಕ್ಕುತ್ತದೆ. ಅದರ ಮರಗಳ ನಡುವೆ ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವುಂಟು. ದೇಶದ ಹಾಕಿ ತಂಡಗಳು ದೊಡ್ಡ ಪಂದ್ಯಾವಳಿಗಳಿಗೆ ಅಣಿಯಾಗುವುದು ಹೆಚ್ಚಾಗಿ ಇಲ್ಲಿಯೇ. 2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಪುರುಷರ ಮತ್ತು ಮಹಿಳೆಯರ ಎರಡು ತಂಡಗಳೂ ಈ ಆವರಣದಲ್ಲಿಯೇ ಉಳಿದುಬಿಟ್ಟುವು. ಆಟಗಾರರು ಮನೆಯ ಮುಖ ಕಂಡದ್ದು ಜೂನ್ ತಿಂಗಳು ಬಂದ ಮೇಲೆ.

ಆ ಶಿಬಿರದಲ್ಲಿ ಒಬ್ಬ ಹಿರಿಯ ಗೋಲ್‌ಕೀಪರ್ ಇದ್ದರು, ಕೇರಳದ ಪಿ. ಆರ್. ಶ್ರೀಜೇಶ್. ಅವರ ಪಕ್ಕದಲ್ಲಿಯೇ ಅದೇ ಕೆಲಸ ಮಾಡುತ್ತಿದ್ದ ಕಿರಿಯರು ಪಂಜಾಬಿನ ಕೃಷನ್ ಬಹಾದುರ್ ಪಾಠಕ್. ಹಿರಿಯರು ಹುಟ್ಟಿದ್ದು 1988ರಲ್ಲಿ, ಕಿರಿಯರು 1997ರಲ್ಲಿ. ಒಲಿಂಪಿಕ್ ಹಾಕಿ ತಂಡದ ಪಟ್ಟಿಯಲ್ಲಿ 16 ಹೆಸರುಗಳಿಗೆ ಮಾತ್ರ ಎಡೆ. ಅದರಲ್ಲಿ ಗೋಲ್‌ಕೀಪರಿಗೆ ಭಾರತ ಕೊಟ್ಟದ್ದು ಒಂದೇ ಸ್ಥಾನ. ಆ ಒಂದು ಸ್ಥಾನವನ್ನು ಯಾರಿಗೆ ಕೊಡಬೇಕು? ವಯಸ್ಸು ಏರುತ್ತಿರುವ ಅನುಭವಿಗೋ, ಕಾದು ಕುಳಿತ ತರುಣನಿಗೋ?

ಪ್ರಶ್ನೆ ಇಂದಿನದಲ್ಲ. ನಮ್ಮ ಹಾಕಿಯ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ತಲೆಯೆತ್ತಿದೆ. ಆಯ್ಕೆಗಾರರು ಒಮ್ಮೊಮ್ಮೆ ಒಂದೊಂದು ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳಿಂದ ಏನಾಯಿತೆಂಬುದನ್ನು ನೋಡಿದರೆ ನಮಗೂ ಒಂದು ತೀರ್ಮಾನಕ್ಕೆ ಬರಲು ಸಾಧ್ಯವಾದೀತು.

ಮೊದಲು ಆ ಕೆಲಸ ಎಂಥದೆಂದು ತಿಳಿಯೋಣ. ಹಾಕಿಯ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡು ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರಬಹುದು. ಮುಂದಿನ ಸಾಲಿನ ಆಟಗಾರ ನಾಲ್ಕು ಅವಕಾಶ ಕಳೆದುಕೊಂಡು ಐದನೆಯದರಲ್ಲಿ ಗೋಲು ಹೊಡೆದರೆ ಜನ ಹೊಗಳುತ್ತಾರೆ. ಗೋಲ್‌ಕೀಪರ್ ನಾಲ್ಕು ತಡೆದು ಐದನೆಯದನ್ನು ಬಿಟ್ಟರೆ ಆ ಐದನೆಯದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಓಡುವ ಆಟಗಾರನಿಗೆ ವಯಸ್ಸು ಮೊದಲು ಕಾಲಿನಲ್ಲಿ ತೋರುತ್ತದೆ. ಗೋಲ್‌ಕೀಪರಿಗೆ ಹಾಗಲ್ಲ. ಚುರುಕು ಸ್ವಲ್ಪ ಕಡಮೆಯಾದರೂ, ಚೆಂಡು ಯಾವ ಕಡೆಗೆ ಬಂದೀತೆಂಬ ಊಹೆ ವರ್ಷದಿಂದ ವರ್ಷಕ್ಕೆ ಬಲಿಯುತ್ತದೆ. ಇಷ್ಟೂ ಹಿರಿಯನ ಪರವಾದ ವಾದ.

ನಮ್ಮ ಮೊದಲ ಮೂರು ಚಿನ್ನಗಳೂ ಈ ವಾದವನ್ನು ಸಮರ್ಥಿಸುತ್ತವೆ. ರಿಚರ್ಡ್ ಆಲೆನ್ 1928ರ ಆಮ್‌ಸ್ಟರ್‌ಡಾಮ್, 1932ರ ಲಾಸ್ ಏಂಜಲೀಸ್ ಮತ್ತು 1936ರ ಬರ್ಲಿನ್ ಒಲಿಂಪಿಕ್‌ಗಳಲ್ಲಿ ಭಾರತದ ಗೋಲನ್ನು ಕಾದರು. ಆಮ್‌ಸ್ಟರ್‌ಡಾಮಿನಲ್ಲಿ ಭಾರತ 29 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಬರ್ಲಿನ್ನಿನ ಫೈನಲಿನಲ್ಲಿ ಜರ್ಮನಿಯನ್ನು 8-1ರಿಂದ ಸೋಲಿಸಿದಾಗ ಆಲೆನ್‌ಗೆ 34 ವರ್ಷ. ಆ ಪಂದ್ಯಾವಳಿಯಲ್ಲೆಲ್ಲ ಭಾರತದ ಮೇಲೆ ಬಿದ್ದದ್ದು ಆ ಒಂದೇ ಗೋಲು.

ಇನ್ನು 1956ರ ಮೆಲ್ಬೋರ್ನ್ ತಂಡವನ್ನು ನೋಡಿ. ಅದರಲ್ಲಿ ಗೋಲ್‌ಕೀಪರುಗಳು ಇಬ್ಬರು. ಒಬ್ಬರು ಮದರಾಸಿನ ರಂಗನಾಥನ್ ಫ್ರಾನ್ಸಿಸ್. 1948 ಮತ್ತು 1952ರ ಚಿನ್ನದ ತಂಡಗಳಲ್ಲಿದ್ದವರು, ವಯಸ್ಸು 36. ಇನ್ನೊಬ್ಬರು ಮಧ್ಯಪ್ರದೇಶದ ಮ್ಹೌ ಊರಿನ ಸೈನಿಕ ಶಂಕರ್ ಲಕ್ಷ್ಮಣ್, ವಯಸ್ಸು 23. ಆಯ್ಕೆಗಾರರು ಹಿರಿಯರನ್ನು ಬಿಡಲಿಲ್ಲ, ಆದರೆ ಪಾಕಿಸ್ತಾನದ ಎದುರಿನ ಫೈನಲಿನಲ್ಲಿ ನಿಲ್ಲಿಸಿದ್ದು ಕಿರಿಯರನ್ನು. ಭಾರತ 1-0ಯಿಂದ ಗೆದ್ದಿತು. ಆ ಸಲವೂ ನಮ್ಮ ಮೇಲೆ ಒಂದು ಗೋಲೂ ಆಗಲಿಲ್ಲ. ಅನುಭವ ಪಕ್ಕದಲ್ಲಿದ್ದು ತಾರುಣ್ಯ ಗೋಲಿನ ಮುಂದೆ ನಿಂತ ಈ ಏರ್ಪಾಡನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ನಮಗೆ ಅಳತೆಗೋಲಾಗುತ್ತದೆ.

ಆ ತರುಣ ಲಕ್ಷ್ಮಣರೇ ಮುಂದೆ ಹಿರಿಯರಾದರು. 1960ರಲ್ಲಿ ರೋಮಿನಲ್ಲಿ ಪಾಕಿಸ್ತಾನ ನಮ್ಮನ್ನು 1-0ಯಿಂದ ಸೋಲಿಸಿ ಚಿನ್ನ ಒಯ್ದಿತು. 1964ರಲ್ಲಿ ಟೋಕಿಯೋದಲ್ಲಿ ಮೊಹಿಂದರ್ ಲಾಲ್ ಹೊಡೆದ ಒಂದು ಗೋಲನ್ನು ಲಕ್ಷ್ಮಣ್ ಕೊನೆಯವರೆಗೂ ಕಾಪಾಡಿದರು. ಚಿನ್ನ ಮರಳಿ ಬಂದಿತು. 1966ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ನಾಯಕರು, ಅಲ್ಲಿಯೂ ಚಿನ್ನ. ಆದರೆ 1968ರ ಮೆಕ್ಸಿಕೋ ಒಲಿಂಪಿಕ್‌ಗೆ ಹೋದ ತಂಡದಲ್ಲಿ, 35 ವರ್ಷದ ಲಕ್ಷ್ಮಣರ ಹೆಸರಿರಲಿಲ್ಲ.

ಫಲವೇನು? 1928ರಿಂದ ಬೆಳ್ಳಿಗಿಂತ ಕೆಳಗಿಳಿಯದಿದ್ದ ಭಾರತ ಮೊದಲ ಬಾರಿಗೆ ಕಂಚಿಗಿಳಿಯಿತು. ಹಾಗೆಂದು, ಲಕ್ಷ್ಮಣರನ್ನು ಬಿಟ್ಟದ್ದರಿಂದಲೇ ಹೀಗಾಯಿತೆಂದು ಹೇಳಿಬಿಡುವುದು ನ್ಯಾಯವಲ್ಲ. ಆ ತಂಡಕ್ಕೆ ಪೃಥಿಪಾಲ್ ಸಿಂಗ್ ಮತ್ತು ಗುರುಬಕ್ಷ್ ಸಿಂಗ್ ಎಂಬ ಇಬ್ಬರು ನಾಯಕರಿದ್ದರು. ಯೂರೋಪಿನವರೂ ಆಸ್ಟ್ರೇಲಿಯದವರೂ ಅಷ್ಟು ಹೊತ್ತಿಗೆ ಆಟದಲ್ಲಿ ನಮ್ಮ ಸಮಕ್ಕೆ ಬಂದಿದ್ದರು. ಸೆಮಿಫೈನಲಿನಲ್ಲಿ ನಮ್ಮನ್ನು ಸೋಲಿಸಿದ್ದು ಆಸ್ಟ್ರೇಲಿಯವೇ. ಆದರೂ ಒಂದು ಮಾತು ನಿಜ. 1956ರಲ್ಲಿ ಹಿರಿಯನ ಪಕ್ಕದಲ್ಲಿ ಕಿರಿಯನನ್ನು ನಿಲ್ಲಿಸಿದ ಜಾಣ್ಮೆ 1968ರಲ್ಲಿ ಕಾಣಲಿಲ್ಲ. ಲಕ್ಷ್ಮಣರು ತಮ್ಮ ಊರಿಗೆ ಮರಳಿದರು. ಮೂರು ಒಲಿಂಪಿಕ್ ಫೈನಲುಗಳಲ್ಲಿ ಗೋಲು ಕಾದ ಆ ಕಾಲುಗಳಲ್ಲೊಂದಕ್ಕೆ ಕೊನೆಗಾಲದಲ್ಲಿ ಗ್ಯಾಂಗ್ರೀನ್ ತಗುಲಿ, ಬಡತನದಲ್ಲಿಯೇ 2006ರಲ್ಲಿ ಅವರು ತೀರಿಕೊಂಡರು.

ಬ್ಯಾಂಕಾಕಿನ ಆ ಚಿನ್ನದ ತರುವಾಯ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತೊಂದು ಚಿನ್ನಕ್ಕೆ ನಾವು 32 ವರ್ಷ ಕಾಯಬೇಕಾಯಿತು. 1998ರಲ್ಲಿ ಅದೇ ಬ್ಯಾಂಕಾಕಿನಲ್ಲಿ ಅದು ಬಂದಾಗ ಗೋಲಿನ ಮುಂದೆ ನಿಂತಿದ್ದವರು ನಮ್ಮ ಬೆಂಗಳೂರಿನ ಆಶಿಷ್ ಬಲ್ಲಾಳ್. ದಕ್ಷಿಣ ಕೊರಿಯದೊಡನೆ ಪಂದ್ಯ 1-1 ಸಮವಾಯಿತು. ಅನಂತರದ ಪೆನಾಲ್ಟಿ ಹೊಡೆತಗಳಲ್ಲಿ ಬಲ್ಲಾಳರು ಎರಡನ್ನು ತಡೆದರು. ಭಾರತ 4-2ರಿಂದ ಗೆದ್ದಿತು. ಆದರೆ ಸ್ವಲ್ಪ ಕಾಲದಲ್ಲಿಯೇ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಮೊದಲಾಗಿ ಹಲವರನ್ನು ತಂಡದಿಂದ ಕೈಬಿಡಲಾಯಿತು. ಬಲ್ಲಾಳರಿಗೆ ಆಗ 28 ವರ್ಷ. ಗೋಲ್‌ಕೀಪರಿಗೆ ಅದು ಮುಪ್ಪಿನ ವಯಸ್ಸೇನಲ್ಲ. ಬೆಲೆ ಕಟ್ಟಲು ಬಾರದಿದ್ದರೆ ಹಿರಿಯನನ್ನಷ್ಟೇ ಅಲ್ಲ, ಹರೆಯದವನನ್ನೂ ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ನಿಯಮದ ಒಂದು ಬದಲಾವಣೆಯನ್ನು ಹೇಳಬೇಕು, ಏಕೆಂದರೆ ಅದು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಬಲ್ಲಾಳರ ಕಾಲದಲ್ಲಿ ಸಮವಾದ ಪಂದ್ಯವನ್ನು ತೀರ್ಮಾನಿಸುತ್ತಿದ್ದುದು 7 ಗಜ ದೂರದಿಂದ ಹೊಡೆಯುವ ಪೆನಾಲ್ಟಿ ಸ್ಟ್ರೋಕ್. ಅಲ್ಲಿ ಕಣ್ಣು ಮಿಟುಕಿಸುವುದರೊಳಗೆ ಎಲ್ಲವೂ ಮುಗಿಯುತ್ತದೆ. ಈಗಿನ ಶೂಟ್‌ಔಟಿನಲ್ಲಿ ಎದುರಾಳಿ 23 ಮೀಟರ್ ಗೆರೆಯಿಂದ ಚೆಂಡು ಹಿಡಿದು ಬರುತ್ತಾನೆ. ಗೋಲು ಮಾಡಲು ಅವನಿಗೆ 8 ಸೆಕೆಂಡು ಸಮಯ. ಗೋಲ್‌ಕೀಪರ್ ಮುಂದೆ ಬಂದು ಅವನನ್ನು ಪಕ್ಕಕ್ಕೆ ತಳ್ಳಬೇಕು, ಮೊದಲೇ ಬೀಳಬಾರದು. ಎಂಟು ಸೆಕೆಂಡು ಬಹಳ ದೀರ್ಘವಾದ ಕಾಲ. ಅಷ್ಟು ಹೊತ್ತು ತಾಳುವವನೇ ಗೆಲ್ಲುತ್ತಾನೆ. ಈ ತಾಳ್ಮೆ ವಯಸ್ಸಿನೊಡನೆ ಬರುವ ವಸ್ತು. ಆದ್ದರಿಂದ ಹೊಸ ನಿಯಮ ಹಿರಿಯ ಗೋಲ್‌ಕೀಪರನ ಬೆಲೆಯನ್ನು ಹೆಚ್ಚಿಸಿತೆನ್ನಬಹುದು. 2014ರಲ್ಲಿ ಇಂಚಿಯೋನ್ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಶ್ರೀಜೇಶ್ ಪಾಕಿಸ್ತಾನವನ್ನು ಶೂಟ್‌ಔಟಿನಲ್ಲಿ 4-2ರಿಂದ ತಡೆದದ್ದು ಇದರ ಮೊದಲ ದೊಡ್ಡ ಉದಾಹರಣೆ.

ಎದುರು ವಾದವನ್ನೂ ಕೇಳಬೇಕು. 2017ರಲ್ಲಿ ಶ್ರೀಜೇಶರ ಮಂಡಿಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಆಟವಿಲ್ಲದಾಯಿತು. ಅದೇ ವರ್ಷ ಢಾಕಾದಲ್ಲಿ ಭಾರತ ಏಷ್ಯಾ ಕಪ್ ಗೆದ್ದಿತು. ಗೋಲು ಕಾದವರು ಆಕಾಶ್ ಚಿಕ್ಟೆ ಮತ್ತು ಸೂರಜ್ ಕರ್ಕೇರ. ಹಿರಿಯನಿಲ್ಲದೆಯೂ ತಂಡ ಗೆಲ್ಲಬಲ್ಲುದು. ಅಜ್ಜ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಕೆ ಎಂಬ ಗಾದೆ ನಮ್ಮಲ್ಲಿಲ್ಲವೆ? ಹಳೆಯ ಕೀರ್ತಿಯೊಂದನ್ನೇ ನೋಡಿ ಸ್ಥಾನ ಕೊಡುವುದು ಎಂದಿಗೂ ಸಲ್ಲದು.

ಕೊಳ್ಳುವ ಕೊಡುವ ವ್ಯವಹಾರವಿರುವ ಕಡೆ ಈ ಪ್ರಶ್ನೆ ಇನ್ನೂ ಬಿಚ್ಚಾಗಿ ಕಾಣುತ್ತದೆ. ಉತ್ತರ ಅಮೆರಿಕದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ತಂಡಗಳು ಆಟಗಾರರನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತವೆ. 2001ರಲ್ಲಿ ಡೆಟ್ರಾಯಿಟ್ ತಂಡ 36 ವರ್ಷದ ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್‌ರನ್ನು ಬಫಲೋ ತಂಡದಿಂದ ಪಡೆಯಿತು. ಅವರಿಗೆ ಬದಲಾಗಿ ಒಬ್ಬ ಆಟಗಾರನನ್ನೂ, ಮುಂದೆ ಬರುವ ಹೊಸಬರಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಹಕ್ಕನ್ನೂ ಬಿಟ್ಟುಕೊಟ್ಟಿತು. 2002ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಲಾಭದ ವ್ಯಾಪಾರವೇ ಸರಿ. ಆದರೆ ಹಾಶೆಕ್ ಆ ಬೇಸಿಗೆಯಲ್ಲಿಯೇ ನಿವೃತ್ತರಾದರು. ಅವರ ಜಾಗಕ್ಕೆ ತಂಡ ಇನ್ನೊಬ್ಬ ಹಿರಿಯರನ್ನೇ ತಂದಿತು. 2003ರಲ್ಲಿ ಮೊದಲ ಸುತ್ತಿನಲ್ಲಿಯೇ ಸೋತು ಹೊರಬಿದ್ದಿತು. ಹಿರಿಯನನ್ನು ಕೊಂಡ ತಂಡ ಒಂದು ಬೇಸಿಗೆಯನ್ನು ಕೊಂಡಂತಾಯಿತು.

ಈಗ ಜ್ಞಾನಭಾರತಿಯ ಶಿಬಿರಕ್ಕೆ ಹಿಂದಿರುಗೋಣ. 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಜರ್ಮನಿಯ ಮೇಲೆ 5-4ರಿಂದ ಮುಂದಿದ್ದಾಗ, ಕೊನೆಯ ಕೆಲವು ಸೆಕೆಂಡುಗಳಲ್ಲಿ ಬಂದ ಪೆನಾಲ್ಟಿ ಕಾರ್ನರನ್ನು 33 ವರ್ಷದ ಶ್ರೀಜೇಶ್ ತಡೆದರು. ಒಲಿಂಪಿಕ್ ಹಾಕಿಯಲ್ಲಿ ಭಾರತಕ್ಕೆ 41 ವರ್ಷಗಳ ಮೇಲೆ ಪದಕ ಬಂದಿತು. ಅಲ್ಲಿಗೇ ಅವರನ್ನು ಬೀಳ್ಕೊಡಬಹುದಾಗಿತ್ತು. ಹಾಗೆ ಮಾಡಲಿಲ್ಲ. ಆದರೆ ಎಲ್ಲ ಪಂದ್ಯಗಳನ್ನೂ ಅವರಿಗೇ ಒಪ್ಪಿಸಲೂ ಇಲ್ಲ. ನಾಲ್ಕು ಕಾಲುಭಾಗಗಳ ಪಂದ್ಯವನ್ನು ಅವರೂ ಪಾಠಕರೂ ಹಂಚಿಕೊಂಡು ಆಡುವ ಪದ್ಧತಿ ಬೆಳೆಯಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇಬ್ಬರೂ ಇದ್ದರು. ಮೆಲ್ಬೋರ್ನಿನ ಹಳೆಯ ಏರ್ಪಾಡು ಮತ್ತೆ ಬಂದಿತ್ತು.

2024ರ ಪ್ಯಾರಿಸ್ಸಿಗೆ ಆ ಒಂದು ಸ್ಥಾನವನ್ನು 36 ವರ್ಷದ ಹಿರಿಯರಿಗೇ ಕೊಟ್ಟರು. ಪಾಠಕರು ಮೀಸಲು ಆಟಗಾರರಾಗಿ ಉಳಿದರು. ಬ್ರಿಟನ್ನಿನ ಎದುರಿನ ಕ್ವಾರ್ಟರ್ ಫೈನಲಿನಲ್ಲಿ 17ನೆಯ ನಿಮಿಷಕ್ಕೆ ಅಮಿತ್ ರೋಹಿದಾಸ್ ಕೆಂಪು ಚೀಟಿ ಪಡೆದು ಹೊರಹೋದರು. 40 ನಿಮಿಷಕ್ಕೂ ಹೆಚ್ಚು ಕಾಲ 10 ಜನರೇ ಆಡಿ ಪಂದ್ಯವನ್ನು 1-1ರಲ್ಲಿ ಉಳಿಸಿದರು. ಶೂಟ್‌ಔಟಿನಲ್ಲಿ ಭಾರತ 4-2ರಿಂದ ಗೆದ್ದಿತು. ಆಗಸ್ಟ್ 8ರಂದು ಸ್ಪೇನನ್ನು 2-1ರಿಂದ ಸೋಲಿಸಿ ಕಂಚು ಪಡೆಯಿತು. ಇದೇ ತಮ್ಮ ಕೊನೆಯ ಪಂದ್ಯಾವಳಿಯೆಂದು ಶ್ರೀಜೇಶ್ ಮೊದಲೇ ಹೇಳಿದ್ದರು. ಹಾಗೆಯೇ ನಡೆದುಕೊಂಡರು. ಅವರನ್ನು ಕಿರಿಯರ ತಂಡಕ್ಕೆ ತರಬೇತಿದಾರರನ್ನಾಗಿ ನೇಮಿಸಿದರು. ಲಕ್ಷ್ಮಣರಿಗೆ ಒದಗದ ಗತಿ ಇವರಿಗೆ ಒದಗಿತು.

ಆದರೆ ಹಿರಿಯನನ್ನು ಉಳಿಸಿಕೊಂಡ ತೀರ್ಮಾನದ ನಿಜವಾದ ಪರೀಕ್ಷೆ ಪ್ಯಾರಿಸ್ಸಿನಲ್ಲಿ ಆಗಲಿಲ್ಲ. ಅವರು ಹೋದ ಮೇಲೆ ಆಯಿತು. 2025ರ ಸೆಪ್ಟೆಂಬರಿನಲ್ಲಿ ಬಿಹಾರದ ರಾಜಗೀರಿನಲ್ಲಿ ಭಾರತ ಕೊರಿಯವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದಾಗ, ಗೋಲ್‌ಕೀಪರುಗಳಾಗಿ ತಂಡದಲ್ಲಿದ್ದವರು ಪಾಠಕರು ಮತ್ತು ಸೂರಜ್ ಕರ್ಕೇರ. ಹಿರಿಯರು ಹೋದ ಮೇಲೆ ಮನೆ ಬರಿದಾಗಿರಲಿಲ್ಲ.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ಇನ್ನೂ ತಡೆಯಬಲ್ಲ ಹಿರಿಯನನ್ನು ಇಟ್ಟುಕೊಳ್ಳಬೇಕು. ಆದರೆ ಅವನ ಪಕ್ಕದಲ್ಲಿ ಕಿರಿಯನಿಗೆ ನಿಜವಾದ ಆಟ ಸಿಕ್ಕುವಂತಿದ್ದರೆ ಮಾತ್ರ. ಇದಕ್ಕೊಂದು ಬೆಲೆಯುಂಟು, ಅದನ್ನು ತೆರುವವನು ಆ ಕಿರಿಯ. ಪ್ಯಾರಿಸ್ಸಿನ ಕಂಚಿನ ಪದಕ ಶ್ರೀಜೇಶರ ಕೊರಳಲ್ಲಿದ್ದಾಗ ಪಾಠಕರ ಕೊರಳಲ್ಲಿ ಏನೂ ಇರಲಿಲ್ಲ. ಮುಂದಿನ ಸಲ ಹಾಕಿ ಪಂದ್ಯದ ವೀಕ್ಷಕ ವಿವರಣೆ ಕೇಳುವಾಗ, ಗೋಲ್‌ಕೀಪರನ ಹೆಸರು ಕಿವಿಗೆ ಬಿದ್ದ ಕೂಡಲೇ, ಅಂಗಳದ ಹೊರಗೆ ಕಾಲಿಗೆ ಪ್ಯಾಡು ಕಟ್ಟಿಕೊಂಡು ಕುಳಿತಿರುವ ಎರಡನೆಯವನನ್ನೂ ಒಮ್ಮೆ ನೆನೆಯಿರಿ.