ಸಸಿಗೆ ಕಟ್ಟಿದ ಚೀಟಿಯಲ್ಲಿ ಯಾರ ಹೆಸರು?

ಚರಿತ್ರೆ ಅಂದರೆ ರಾಜರ ಹೆಸರು, ಯುದ್ಧದ ಇಸವಿ ಅಂತಲೇ ನಮಗೆ ಶಾಲೆಯಲ್ಲಿ ಕಲಿಸಿದರು. ಉಣ್ಣುವ ಅನ್ನಕ್ಕೂ ತಿನ್ನುವ ಹಣ್ಣಿಗೂ ಚರಿತ್ರೆ ಇದೆ ಅಂತ ಯಾರೂ ಹೇಳಲಿಲ್ಲ. ಆ ಚರಿತ್ರೆಯಲ್ಲೂ ಹೆಸರಿರುವವರ ಕೇರಿ, ಹೆಸರಿಲ್ಲದವರ ಕೇರಿ ಅಂತ ಎರಡಿವೆ. ನಮ್ಮ ಅಜ್ಜಂದಿರ ಹೆಸರನ್ನು ಊರ ಧಣಿಗಳು ಬರೆದಿಟ್ಟದ್ದು ಸಾಲದ ಪುಸ್ತಕದಲ್ಲಿ ಮಾತ್ರ; ಅದೂ ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ. 1976ರಲ್ಲಿ ಜೀತ ರದ್ದತಿ ಕಾನೂನು ಬಂತು. ಆದರೆ ಅವರು ತೆನೆ ನೋಡಿ ಆರಿಸಿದ ಬಿತ್ತನೆ, ಕೈಯಾರೆ ಕಟ್ಟಿದ ಕಸಿ ಯಾರ ಖಾತೆಗೆ ಜಮೆಯಾಯಿತು? ಮರಳೂರಿನ ಸುತ್ತಿನ ನಾವು ಈ ಲೆಕ್ಕ ಕೇಳಲೇಬೇಕು. ಯಾಕೆಂದರೆ ಈ ಲೆಕ್ಕದ ಎರಡು ಪುಟಗಳಿಗೆ ನಮ್ಮ ತುಮಕೂರಿನ ನಂಟಿದೆ.

ಮೊದಲು ಹೆಸರಿನ ಕೆಲಸ ಏನು ಅಂತ ನೋಡೋಣ. ಹಲಸಿನ ಬೀಜ ಹಾಕಿದರೆ ತಾಯಿಮರದಂಥದೇ ಮರ ಬರುವುದಿಲ್ಲ. ಒಂದೇ ಹಣ್ಣಿನ ಹತ್ತು ಬೀಜ ಹತ್ತು ಥರದ ಮರವಾಗುತ್ತವೆ. ಅದೇ ತೊಳೆ, ಅದೇ ಸಿಹಿ ಬೇಕಾದರೆ ಆ ಮರದ ಕಡ್ಡಿಯನ್ನೇ ತಂದು ಕಸಿ ಕಟ್ಟಬೇಕು. ಹಾಗೆ ಕಟ್ಟಿದ ಸಾವಿರ ಸಸಿಗೂ ಒಂದೇ ಮರದ ಗುಣ. ಆ ಗುಣಕ್ಕೆ ಇಡುವ ಹೆಸರೇ ತಳಿಯ ಹೆಸರು. 1923ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಬೈಲಿ ಸಾಗುವಳಿ ತಳಿಗೆ ಕಲ್ಟಿವಾರ್ ಎಂಬ ಪದ ಕಟ್ಟಿದ. 1953ರಲ್ಲಿ ಇಂಥ ಹೆಸರುಗಳಿಗೆಂದೇ ಒಂದು ಅಂತಾರಾಷ್ಟ್ರೀಯ ಸಂಹಿತೆ ಬಂತು. ತಳಿಯ ಹೆಸರು ಎಲ್ಲರದು. ಯಾರು ಬೆಳೆಸಿ ಮಾರಿದರೂ ಅದೇ ಹೆಸರು. ಟ್ರೇಡ್‌ಮಾರ್ಕ್ ಹಾಗಲ್ಲ, ಅದು ಅಂಗಡಿಯವನ ಮುದ್ರೆ. ಅವನ ಒಪ್ಪಿಗೆ ಇಲ್ಲದೆ ಇನ್ನೊಬ್ಬ ಅದನ್ನು ಹಾಕುವಂತಿಲ್ಲ. ಪೇಟೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಿಡಕ್ಕೇ ಬೇಲಿ ಹಾಕುತ್ತದೆ. ಕಸಿಯಿಂದ, ಕಡ್ಡಿಯಿಂದ ಬೆಳೆಸುವ ಗಿಡಗಳಿಗೆ ಅಮೆರಿಕ 1930ರಲ್ಲೇ ಅಂಥ ಬೇಲಿ ಕಟ್ಟಿತು. ನಮ್ಮ ಪೇಟೆಂಟ್ ಕಾನೂನು ಗಿಡ, ಬೀಜ, ತಳಿಗಳಿಗೆ ಪೇಟೆಂಟ್ ಕೊಡುವುದಿಲ್ಲ.

ನರ್ಸರಿಯಲ್ಲಿ ನಿಂತ ಸಸಿಗೆ ಹಣ್ಣಿರೋದಿಲ್ಲ. ಎಲೆ ನೋಡಿ ಇದು ಇಂಥ ಮರದ ಕಡ್ಡಿ ಅಂತ ಬಡರೈತ ಹೇಗೆ ಹೇಳ್ತಾನೆ? ಚೀಟಿಯನ್ನೇ ನಂಬಿ ದುಡ್ಡು ಎಣಿಸ್ತಾನೆ. ಚೀಟಿ ಸುಳ್ಳು ಅಂತ ಗೊತ್ತಾಗೋದು ಕೆಲವು ವರ್ಷ ನೀರು ಹೊತ್ತು ಹಾಕಿದ ಮೇಲೆ. ಆದ್ದರಿಂದ ಹೆಸರಿನ ಮಾತು ಪಂಡಿತರ ಚರ್ಚೆ ಮಾತ್ರವಲ್ಲ, ಹೊಟ್ಟೆಯ ಮಾತೂ ಹೌದು.

ಮೊದಲ ಪುಟ ಗುಬ್ಬಿ ತಾಲ್ಲೂಕಿನ ಚೇಳೂರಿನದು. ಅಲ್ಲಿ ಎಸ್.ಕೆ. ಸಿದ್ದಪ್ಪ ಎಂಬ ರೈತರು ನೆಟ್ಟ ಒಂದು ಹಲಸಿನ ಮರ. ಹಣ್ಣು ಚಿಕ್ಕದು, ಹೆಚ್ಚೆಂದರೆ ಒಂದು ಮನೆಯವರು ತಿಂದು ಮುಗಿಸುವಷ್ಟು. ತೊಳೆ ಮಾತ್ರ ತಾಮ್ರಗೆಂಪು. ಬೆಂಗಳೂರು ದಾರಿಯ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳು ಈ ಮರದ ಗುಣವನ್ನು ಗುರುತಿಸಿದರು. ಇಂಥದನ್ನು ಸಂಸ್ಥೆಯ ಹೆಸರಿಗೇ ಬರೆದುಕೊಂಡಿದ್ದರೆ ಕೇಳುವವರು ಯಾರಿದ್ದರು? ಇಲ್ಲಿ ಹಾಗಾಗಲಿಲ್ಲ. ತಳಿಗೆ 'ಸಿದ್ದು' ಅಂತ ರೈತನ ಹೆಸರನ್ನೇ ಇಟ್ಟರು. 2017ರಲ್ಲಿ ಸಂಸ್ಥೆ ಆ ಕುಟುಂಬದೊಂದಿಗೆ ಒಪ್ಪಂದ ಮಾಡಿಕೊಂಡಿತು. ಸಸಿ ಮಾರಿ ಬಂದ ಆದಾಯದಲ್ಲಿ ಶೇ. 75 ಪಾಲು ರೈತನ ಮನೆಗೆ. ಹೆಸರೂ ಸಿಕ್ಕಿತು, ಕಾಸೂ ಸಿಕ್ಕಿತು. ಮನಸ್ಸಿದ್ದರೆ ಹೀಗೂ ಮಾಡಬಹುದು ಎಂಬುದಕ್ಕೆ ಇದು ನಮ್ಮ ಜಿಲ್ಲೆಯ ಸಾಕ್ಷಿ.

ಎರಡನೆಯ ಪುಟ ಮಹಾರಾಷ್ಟ್ರದ್ದು. ಆದರೆ ಅದರ ಮೇಲಿನ ಹೆಸರು ತುಮಕೂರಿಗೆ ಚೆನ್ನಾಗಿ ಗೊತ್ತು. ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯಲ್ಲಿ ದಾದಾಜಿ ಖೋಬ್ರಾಗಡೆ ಎಂಬ ದಲಿತ ರೈತರಿದ್ದರು. ಓದಿದ್ದು ಮೂರನೇ ಇಯತ್ತೆ, ಇದ್ದದ್ದು ಅಂಗೈಯಗಲ ಜಮೀನು. 1983ರಲ್ಲಿ ತಮ್ಮ ಭತ್ತದ ಗದ್ದೆಯಲ್ಲಿ ಬೇರೆ ಥರದ ತೆನೆ ಕಂಡು ಅದನ್ನು ಬೇರೆಯಾಗಿ ಎತ್ತಿಟ್ಟರು. ಬಿತ್ತಿದರು, ಆರಿಸಿದರು, ಮತ್ತೆ ಬಿತ್ತಿದರು. ಸಣ್ಣಕ್ಕಿ, ಒಳ್ಳೆ ಇಳುವರಿ, ಒಳ್ಳೆ ರುಚಿ. ಭತ್ತ ಮಂಡಿಗೆ ಹೋದಾಗ ಅದಕ್ಕೆ ಹೆಸರೇ ಇರಲಿಲ್ಲ. ಆ ಕಾಲಕ್ಕೆ ಎಲ್ಲರ ಕೈಯಲ್ಲೂ ಎಚ್‌ಎಂಟಿ ವಾಚು. ವ್ಯಾಪಾರಿ ಆ ಭತ್ತಕ್ಕೂ ಅದೇ ಹೆಸರು ಹಾಕಿದ: 'ಎಚ್‌ಎಂಟಿ'. 1978ರಿಂದ ನಮ್ಮ ತುಮಕೂರಿನ ಕಾರ್ಖಾನೆಯಲ್ಲೂ ಕೆಲಸಗಾರರು ಜೋಡಿಸುತ್ತಿದ್ದ ಅದೇ ವಾಚು. ಹೀಗೆ ದಲಿತನ ಬೆವರಿನ ಭತ್ತಕ್ಕೆ ಕಂಪನಿಯ ಮುದ್ರೆಯೇ ಹೆಸರಾಯಿತು.

1994ರಲ್ಲಿ ಅಕೋಲಾದ ಪಂಜಾಬರಾವ್ ಕೃಷಿ ವಿದ್ಯಾಪೀಠದ ಕೇಂದ್ರವೊಂದು ಪ್ರಯೋಗಕ್ಕೆಂದು ಅವರಿಂದ ಬೀಜ ಪಡೆಯಿತು. 1998ರಲ್ಲಿ 'ಪಿಕೆವಿ ಎಚ್‌ಎಂಟಿ' ಎಂಬ ಹೆಸರಿನಲ್ಲಿ ತಳಿ ಬಿಡುಗಡೆಯಾಯಿತು. ನಾವು ಅದನ್ನು ಶುದ್ಧಗೊಳಿಸಿದ್ದೇವೆ ಅನ್ನೋದು ವಿದ್ಯಾಪೀಠದ ವಾದ. ಇರಲಿ. ವರ್ಷಗಟ್ಟಲೆ ತೆನೆ ಆರಿಸಿದ್ದು ಏನು ಹಾಗಾದರೆ? ನಾವು ಮುಟ್ಟಿದ್ದನ್ನು ಶುದ್ಧ ಮಾಡಿಕೊಳ್ಳುವ ಪದ್ಧತಿ ಈ ದೇಶಕ್ಕೆ ಹೊಸದಲ್ಲ. ದಾದಾಜಿ ಸುಮ್ಮನೆ ಕೂರಲಿಲ್ಲ. ಇನ್ನೂ ಹಲವು ತಳಿ ಮಾಡಿದರು. ಒಂದಕ್ಕೆ ತಮ್ಮ ಹೆಸರಿನ ಮೊದಲ ಅಕ್ಷರಗಳನ್ನೇ ಇಟ್ಟರು: 'ಡಿಆರ್‌ಕೆ', ಅಂದರೆ ದಾದಾಜಿ ರಾಮಾಜಿ ಖೋಬ್ರಾಗಡೆ. ಪ್ರಶಸ್ತಿಗಳು ಬಂದವು, ಬಡತನ ಹೋಗಲಿಲ್ಲ. 2018ರ ಜೂನ್‌ನಲ್ಲಿ ತೀರಿಕೊಂಡರು. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ತೀರ್ಮಾನಿಸಿತ್ತು. ಕಾರ್ಖಾನೆ ನಿಂತಿತು, ಕೆಲಸಗಾರರು ಚದುರಿದರು. ಅಕ್ಕಿ ಮೂಟೆಯ ಮೇಲೆ ಆ ಹೆಸರು ಇನ್ನೂ ಇದೆ.

ಈ ಎರಡು ಪುಟಗಳ ನಡುವೆ ಒಂದು ಕಾನೂನು ಬಂತು. ಅದು ಸುಮ್ಮನೆ ಬರಲಿಲ್ಲ. ಡಂಕೆಲ್ ಪ್ರಸ್ತಾವದ ಕಾಲದಲ್ಲಿ ಬೀಜ ನಮ್ಮದು ಅಂತ ಕರ್ನಾಟಕದ ರೈತರು ಬೀದಿಗಿಳಿದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದರು. 1993ರಲ್ಲಿ ಬಳ್ಳಾರಿಯ ಅದರ ಬೀಜ ಘಟಕವನ್ನು ಕೆಡವಿದರು. 2001ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾನೂನು ಆಯಿತು. ಇದರಂತೆ ತಳಿಗೆ ಒಂದೇ ಹೆಸರು, ಬೇರೆ ತಳಿಯೆಂದು ಮೋಸಹೋಗದಂಥ ಹೆಸರು ಇರಬೇಕು. ಹಾಗೆ ಇಟ್ಟ ಹೆಸರನ್ನು ಯಾರೂ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವಂತಿಲ್ಲ. ನೋಂದಾಯಿಸಿದ ತಳಿಯ ಹಕ್ಕು ಮರಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ. ರೈತ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಆದರೆ ಸಂರಕ್ಷಿತ ತಳಿಯ ಹೆಸರು ಬರೆದ ಪೊಟ್ಟಣ ಕಟ್ಟಿ ಮಾರುವಂತಿಲ್ಲ. ನೋಡಿ, ಕೊನೆಗೆ ಬೀಗ ಬಿದ್ದದ್ದು ಹೆಸರಿಗೇ.

ಇದೇ ಕಾನೂನು ರೈತ ಅಂದರೆ ಯಾರು ಅಂತ ಮೂರು ಮಾತಿನಲ್ಲಿ ಹೇಳುತ್ತದೆ. ಸ್ವತಃ ಉಳುವವನು ಒಬ್ಬ. ಇನ್ನೊಬ್ಬರಿಂದ ಉಳಿಸಿ ಮೇಲ್ವಿಚಾರಣೆ ಮಾಡುವವನು ಇನ್ನೊಬ್ಬ. ಅಂದರೆ ಬದುವಿನ ಮೇಲೆ ಕೊಡೆ ಹಿಡಿದು ನಿಂತ ಧಣಿಯೂ ರೈತನೇ. ಮೂರನೆಯ ಮಾತನ್ನು ನಾವು ಬಾಯಿಪಾಠ ಮಾಡಬೇಕು: ನಾಟಿ ತಳಿಗಳನ್ನು ಕಾಪಾಡುವವನು, ಅವುಗಳ ಒಳ್ಳೆ ಗುಣ ಗುರುತಿಸಿ ಆರಿಸಿ ಬೆಲೆ ಹೆಚ್ಚಿಸುವವನು ರೈತ. ಈ ಮಾತಿನಲ್ಲಿ ಜಮೀನು ಎಂಬ ಪದವೇ ಇಲ್ಲ! ಪಹಣಿ ಇಲ್ಲದ ಕೂಲಿಯವಳು, ಧಣಿಯ ಕಣದಲ್ಲಿ ಬಿತ್ತನೆಗೆ ತೆನೆ ಆರಿಸಿದವಳು, ಇದರೊಳಗೆ ಬರುತ್ತಾಳೆ. ತಳಿಯನ್ನು ಬೆಳೆಸಿದ್ದು ನಮ್ಮ ಊರಿನವರು ಅಂತ ಇಡೀ ಹಳ್ಳಿಯ ಪರವಾಗಿ ಹಕ್ಕು ಕೇಳಲು 41ನೇ ಕಲಮು ದಾರಿ ಬಿಟ್ಟಿದೆ.

ದಾರಿ ಇದ್ದರೆ ಸಾಲದು, ನಡೆಯಲು ದಾಖಲೆ ಬೇಕು. ಮರ ಇರುವವನಿಗೆ ಮರವೇ ಸಾಕ್ಷಿ. ಮರ ಇಲ್ಲದವರ ಸಾಕ್ಷಿ ಬಾಯಿಮಾತಿನಲ್ಲಿದೆ. ಆ ಬಾಯಿಗಳು ವರ್ಷಕ್ಕೊಂದೆರಡು ಮುಚ್ಚುತ್ತಿವೆ. ಆದ್ದರಿಂದ ಹಳ್ಳಿ ಶಾಲೆಯ ಮೇಷ್ಟ್ರುಗಳನ್ನು, ಕಾಲೇಜಿಗೆ ಹೋಗುವ ತಮ್ಮ ತಂಗಿಯರನ್ನು ನಾವು ಕೇಳುವುದು ಇಷ್ಟೆ. ನಿಮ್ಮ ಊರಿನ ಹಲಸು, ಮಾವು, ಹುಣಸೆ, ರಾಗಿ, ಅವರೆಗೆ ಊರವರು ಇಟ್ಟ ಹೆಸರುಗಳನ್ನು ಬರೆದುಕೊಳ್ಳಿ. ಬೀಜ ತಂದವರು ಯಾರು, ನೀರು ಹೊತ್ತವರು ಯಾರು, ಕಡ್ಡಿ ಕೊಯ್ದು ಕಸಿ ಕಟ್ಟಿದವರು ಯಾರು, ಕೇಳಿ. ಊರೊಳಗೆ ಕೇಳಿದಂತೆ ಕೇರಿಗೂ ಬಂದು ಕೇಳಿ. ಹೇಳಿದವರ ಹೆಸರು, ತಾರೀಖು ಹಾಕಿ ಊರವರ ಮುಂದೆ ಓದಿ, ಗ್ರಾಮ ಪಂಚಾಯ್ತಿಗೆ ಒಂದು ಪ್ರತಿ ಕೊಡಿ. ಸಾಲದ ಪುಸ್ತಕ ಬರೆದವರು ಒಂದು ಪೈಸೆ ಬಿಡದೆ ಬರೆದಿದ್ದರು. ಈ ಪುಸ್ತಕವನ್ನು ನಾವು ಅಷ್ಟೇ ಕಟ್ಟುನಿಟ್ಟಾಗಿ ಬರೆಯಬೇಕು.