ಮಾರಿಯೋನ ದನಿಗೊಂದು ಮುಖ

1981ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿಯ 'ಡಾಂಕಿ ಕಾಂಗ್' ವಿಡಿಯೋ ಆಟದಲ್ಲಿ ಮೊದಲು ಕಾಣಿಸಿಕೊಂಡಾಗ ಮೀಸೆಯ ಮಾರಿಯೋಗೆ ಮಾತು ಬರುತ್ತಿರಲಿಲ್ಲ. ಆಗಿನ ಯಂತ್ರಗಳ ಮೆಮೊರಿ ತೀರ ಕಿರಿದು.

1990ರ ದಶಕದ ಆರಂಭದಲ್ಲಿ ಅಮೆರಿಕದ ನಟ ಚಾರ್ಲ್ಸ್ ಮಾರ್ಟಿನೆಟ್ ಅವನಿಗೆ ದನಿಯಾದದ್ದು ಆಟದಲ್ಲಲ್ಲ, ವಾಣಿಜ್ಯ ಪ್ರದರ್ಶನದ ಮಳಿಗೆಯಲ್ಲಿ. ತೊಗಲುಗೊಂಬೆ ಆಡಿಸುವವರಂತೆ ಮರೆಯಲ್ಲಿ ಕುಳಿತು, ತೆರೆಯ ಮೇಲಿನ ಮಾರಿಯೋ ತಲೆಯ ಮೂಲಕ ಬಂದವರೊಡನೆ ಅವರು ಹರಟುತ್ತಿದ್ದರು. 1996ರ 'ಸೂಪರ್ ಮಾರಿಯೋ 64' ಆ ದನಿಯನ್ನು ಮನೆಮನೆಗೆ ಒಯ್ದಿತು.

ಅಮೆರಿಕದಲ್ಲಿ ಕಾಮಿಕ್ಸ್ ಪ್ರಿಯರ ಸಮ್ಮೇಳನಗಳು ಹಳೆಯವು. ಸ್ಯಾನ್ ಡಿಯಾಗೊದ ಸಮ್ಮೇಳನ ಶುರುವಾದದ್ದು 1970ರಲ್ಲಿ. ಇಂಥ ಕಡೆಗಳಿಗೆ ಕ್ರಮೇಣ ವಿಡಿಯೋ ಆಟಗಳ ಕಂಠದಾನ ಕಲಾವಿದರೂ ಅತಿಥಿಗಳಾಗಿ ಬರತೊಡಗಿದರು. ಅಲ್ಲಿ ಸಂವಾದ, ಫೋಟೊ, ಹಸ್ತಾಕ್ಷರ. ಹಸ್ತಾಕ್ಷರಕ್ಕೆ ಅನೇಕರು ಶುಲ್ಕ ಪಡೆಯುವುದೂ ಉಂಟು.

ಇದನ್ನು ಬರೀ ತಾರಾಮೋಹ ಎನ್ನಲಾಗದು. ಆಟ ಎಷ್ಟೇ ಮಾರಾಟವಾದರೂ ಕಲಾವಿದರಿಗೆ ಸಾಮಾನ್ಯವಾಗಿ ದಕ್ಕುವುದು ಧ್ವನಿಮುದ್ರಣದ ಸಂಭಾವನೆ ಮಾತ್ರ. 2016ರ ಅಕ್ಟೋಬರಿನಲ್ಲಿ ಅವರ ಸಂಘ ಸ್ಯಾಗ್-ಆಫ್ಟ್ರಾ ಮುಷ್ಕರ ಹೂಡಲು ಇದೂ ಒಂದು ಕಾರಣ. 2024ರ ಜುಲೈಯಲ್ಲಿ ಶುರುವಾದ ಮತ್ತೊಂದು ಮುಷ್ಕರದ ಹಿಂದಿದ್ದುದು ಕೃತಕ ಬುದ್ಧಿಮತ್ತೆ ತಮ್ಮ ದನಿಯನ್ನೇ ನಕಲು ಮಾಡೀತೆಂಬ ಭಯ. ಅಂಥ ನಕಲಿಗೆ ಕಲಾವಿದರ ಒಪ್ಪಿಗೆ ಬೇಕೆಂಬ ಒಪ್ಪಂದ 2025ರಲ್ಲಿ ಅಂಗೀಕಾರವಾಯಿತು.

ಮಾರ್ಟಿನೆಟ್ 2023ರಲ್ಲಿ ಆ ಪಾತ್ರ ಬಿಟ್ಟರು. ಅದೇ ವರ್ಷದ ಆಟದಲ್ಲಿ ಮಾರಿಯೋಗೆ ದನಿ ಕೊಟ್ಟವರು ಕೆವಿನ್ ಅಫ್ಘಾನಿ. ಮಾರಿಯೋನ ದನಿ ಬದಲಾದದ್ದು ಎಷ್ಟೋ ಮಂದಿಗೆ ಸುದ್ದಿಯಾಗಿ ತಟ್ಟಿತು. ಅದರ ಹಿಂದಿನ ಮನುಷ್ಯನನ್ನು ಅವರು ಕಣ್ಣಾರೆ ಕಂಡು ಕೈಕುಲುಕಿದ್ದೂ ಅದಕ್ಕೆ ಕಾರಣವಿದ್ದೀತು.