ಹಳೆಯ ಇಂಗ್ಲೆಂಡಿನ ಮಂತ್ರ ಮತ್ತು ಮದ್ದು



ದನ ಕಟ್ಟಿ, ಕೈಕಾಲು ತೊಳೆದು ಕೂತಿದ್ದೀರಿ. ಇವತ್ತು ಸಾವಿರ ವರ್ಷದ ಹಿಂದಿನ ಒಕ್ಕಲು ಮಕ್ಕಳ ಮಾತು ಕೇಳಿ. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ಜನ ಅವರು. ಉಳುವವರು, ದನ ಕಾಯುವವರು, ಜೇನು ಸಾಕುವವರು.

ಹೊಲದಲ್ಲಿ ದುಡಿಯುವವನಿಗೆ ಇದ್ದಕ್ಕಿದ್ದಂತೆ ಪಕ್ಕೆಯಲ್ಲಿ ಚುಚ್ಚಿ ಬಂತು ಅನ್ನಿ. ಯಾಕೆ ಬಂತು? ಸೂಕ್ಷ್ಮದರ್ಶಕ ಇಲ್ಲದ ಕಾಲ. ರೋಗಾಣುವಿನ ಸುದ್ದಿ ಯಾರಿಗೂ ಗೊತ್ತಿಲ್ಲ. ಮಾಟಗಾತಿಯರೋ, ‘ಎಲ್ಫ್’ ಎಂಬ ಕಣ್ಣಿಗೆ ಕಾಣದ ಜೀವಿಗಳೋ ಬಾಣ ಹೊಡೆದಿರಬೇಕು ಅಂತ ಅವರು ನಂಬಿದರು. ಮೂರು ಬಗೆಯ ಗಿಡಗಳನ್ನು ಬೆಣ್ಣೆಯಲ್ಲಿ ಕುದಿಸಿ, ಒಳಗೆ ನೆಟ್ಟ ಈಟಿ ಹೊರಗೆ ಬರಲಿ ಅಂತ ಮಂತ್ರ ಹೇಳೋರು. ಮನೆಯ ಕುದುರೆಗೂ ಇದೇ ಬಾಣದ ಭಯ. ಅದಕ್ಕೆ ಬಳಸುವ ಚಾಕುವಿನ ಹಿಡಿ ಎತ್ತಿನ ಕೊಂಬಿನದೇ ಆಗಬೇಕು, ಹಿತ್ತಾಳೆಯ ಮೂರು ಮೊಳೆ ಇರಬೇಕು!

ನಗು ಬಂತೇ? ಸ್ವಲ್ಪ ತಾಳಿ. ಅದೇ ಜನ ಬರೆದಿಟ್ಟ ‘ಬಾಲ್ಡನ ವೈದ್ಯ ಪುಸ್ತಕ’ ಎಂಬ ಹತ್ತನೆಯ ಶತಮಾನದ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕುದುರೆಯ ಬಾಣದ ಮಾತು ಇರುವ ಆ ಪುಸ್ತಕದಲ್ಲೇ ಕಣ್ಣುರೆಪ್ಪೆಯ ಕುರುವಿಗೆ ಒಂದು ಮದ್ದೂ ಇದೆ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಇನ್ನೊಂದು ಗಡ್ಡೆ ಸಮಪಾಲು ಅರೆಯಬೇಕು. ದ್ರಾಕ್ಷಾರಸದ ಮದ್ಯ, ಎತ್ತಿನ ಪಿತ್ತರಸ ಬೆರೆಸಬೇಕು. ಹಿತ್ತಾಳೆ ಪಾತ್ರೆಯಲ್ಲಿ 9 ರಾತ್ರಿ ಇಟ್ಟು, ಬಟ್ಟೆಯಲ್ಲಿ ಸೋಸಿ, ಗರಿಯಿಂದ ಹಚ್ಚಬೇಕು.

2015ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದವರು ಇದನ್ನು ತಯಾರಿಸಿ ಪರೀಕ್ಷಿಸಿದರು. ಆಸ್ಪತ್ರೆಗಳಲ್ಲಿ ಕಾಡುವ, ಹಲವು ಔಷಧಿಗೆ ಜಗ್ಗದ ಒಂದು ರೋಗಾಣು ಪ್ರಯೋಗಶಾಲೆಯಲ್ಲಿ ಇದರಿಂದ ಸತ್ತಿತು. ಬಿಡಿಬಿಡಿಯಾಗಿ ಆ ಬಲ ಇರಲಿಲ್ಲ. ಎಲ್ಲ ಕೂಡಿದಾಗಲೇ ಗುಣ ಕಂಡಿತು.

ಹಾಗಂತ ನಾಳೆಯೇ ಬೆಳ್ಳುಳ್ಳಿ ಅರೆದು ಮಗುವಿನ ಕಣ್ಣಿಗೆ ಹಚ್ಚಬೇಡಿ! ಪ್ರಯೋಗಶಾಲೆಯ ಗೆಲುವು ಬೇರೆ, ಕಣ್ಣಿನ ಮದ್ದು ಬೇರೆ. ಕಣ್ಣು ಹೋದರೆ ಮತ್ತೆ ಬಂದೀತೆ? ಕುರು ಎದ್ದರೆ ಡಾಕ್ಟರ ಹತ್ತಿರ ತೋರಿಸಿ.

ಒಂದೇ ಪುಸ್ತಕದಲ್ಲಿ ಕಾಳೂ ಇತ್ತು, ಜಳ್ಳೂ ಇತ್ತು. ಹಿರಿಯರ ಮಾತು ಅಂತ ಎಲ್ಲವನ್ನೂ ನಂಬಬೇಡಿ. ಹಳೆಯದು ಅಂತ ಎಲ್ಲವನ್ನೂ ತೂರಿಬಿಡಲೂ ಬೇಡಿ. ಬಿತ್ತುವ ಮುಂಚೆ ಹಿಡಿ ಬೀಜ ನೆನೆಹಾಕಿ ಮೊಳಕೆ ನೋಡೋದಿಲ್ಲವೇ? ಮದ್ದಿಗೂ ಅದೇ ಪರೀಕ್ಷೆ ಬೇಕು. ಅದನ್ನು ಬಲ್ಲವರು ಮಾಡಲಿ.